ನೆಟ್ಟಿನ ಬುಡದ ಏಳು ಅಡಿ

ಬಂಟ್ವಾಳ ದಾಟಿ ಚಾರ್ಮಾಡಿಯ ಕಡೆಗೆ ಹೋಗುವ ಹೆದ್ದಾರಿಗೆ ಗುರುವಾಯನಕೆರೆಯಲ್ಲಿ ವೇಣೂರು, ಮೂಡುಬಿದಿರೆ ಕಡೆಯ ರಸ್ತೆಯೂ ಉಪ್ಪಿನಂಗಡಿಯ ರಸ್ತೆಯೂ ಬಂದು ಕೂಡುತ್ತವೆ. ಮಳೆ ಹಿಂದೆ ಸರಿದ ಮೇಲೆ ಈ ರಸ್ತೆಗಳ ಬದಿಯ ಬ್ಯಾನರುಗಳನ್ನು ಓದುತ್ತ ಹೋದರೆ ಸಾಕು, ಈ ಸೀಮೆಗೆ ಯಾವ ಆಟಗಳು ರುಚಿಸುತ್ತವೆ ಎಂಬುದು ತಿಳಿಯುತ್ತದೆ: ಹೊನಲು ಬೆಳಕಿನ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟ, ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ, ನಡುವೆ ವೇಣೂರಿನದೋ ಮೂಡುಬಿದಿರೆಯದೋ ಕಂಬಳ. ಇಷ್ಟೆಲ್ಲ ಇರುವ ಕಡೆ ಪಿಕಲ್‌ಬಾಲ್ ಯಾಕೆ ಬೇಕು ಎಂದು ಕೇಳುವುದು ಸಹಜ. ಬೆಂಗಳೂರಿನಂಥ ನಗರಗಳಲ್ಲಿ ಈ ಆಟ ಹಬ್ಬುತ್ತಿರುವ ವೇಗ ನೋಡಿ ಹಿಗ್ಗುವವರಿದ್ದಾರೆ. ಇದು ಟೆನಿಸ್ ಬಾರದವರ ಟೆನಿಸ್, ಶಟಲ್ ಆಡಲಾರದವರ ಶಟಲ್, ನಾಲ್ಕು ದಿನದ ಶೋಕಿ ಎನ್ನುವವರೂ ಇದ್ದಾರೆ. ನನಗೆ ಈ ಆಟ ಬಹಳ ಇಷ್ಟ. ಅದನ್ನು ಹಳಿಯುವವರು ಯಾವುದನ್ನು ದೋಷವೆಂದು ಬೆರಳಿಟ್ಟು ತೋರಿಸುತ್ತಾರೋ ಅದರಲ್ಲೇ ಅದರ ಸೊಗಸಿದೆ ಎಂಬುದು ನನ್ನ ವಾದ. ಆ ಸೊಗಸನ್ನು ಗುರುತಿಸಲು ನಗರದವರಿಗಿಂತ ನಮ್ಮ ಸೀಮೆಯ ಜನರಿಗೇ ಹೆಚ್ಚು ಅಭ್ಯಾಸವಿದೆ ಎಂದೂ ನನಗನ್ನಿಸುತ್ತದೆ.

ಹುಟ್ಟಿನ ಕಥೆಯಿಂದಲೇ ಹೊರಡಬೇಕು, ಏಕೆಂದರೆ ‘ಇದು ಎಲ್ಲಿಂದಲೋ ಬಂದದ್ದು’ ಎಂಬ ಮಾತಿಗೆ ಉತ್ತರ ಅಲ್ಲಿದೆ. 1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಬೇಸರಗೊಂಡ ಮಕ್ಕಳಿಗೊಂದು ಆಟ ಹುಡುಕುತ್ತಿದ್ದರು. ಮನೆಯ ಹಿಂದೆ ಹಳೆಯ ಬ್ಯಾಡ್ಮಿಂಟನ್ ಅಂಕಣವಿತ್ತು, ಆಡಲು ಸರಿಯಾದ ಸಾಮಾನು ಇರಲಿಲ್ಲ. ಟೇಬಲ್ ಟೆನಿಸ್ಸಿನ ಬ್ಯಾಟು, ತೂತುಗಳಿರುವ ಪ್ಲಾಸ್ಟಿಕ್ ಚೆಂಡು ಹಿಡಿದು ಶುರುಮಾಡಿದರು. ಚೆಂಡು ನೆಲಕ್ಕೆ ಬಿದ್ದು ಚೆನ್ನಾಗಿ ಪುಟಿಯುತ್ತದೆಂದು ಕಂಡಾಗ ಐದು ಅಡಿ ಎತ್ತರದ ನೆಟ್ಟನ್ನು ಮೂರು ಅಡಿಗೆ ಇಳಿಸಿದರು. ಆಮೇಲೆ ಬಾರ್ನಿ ಮೆಕ್ಯಾಲಮ್ ಜೊತೆಗೂಡಿ ಮೂವರೂ ನಿಯಮ ಕಟ್ಟಿದರು. ಅಂದರೆ ಪಿಕಲ್‌ಬಾಲಿನ ನೆಲ ಬ್ಯಾಡ್ಮಿಂಟನ್ನಿನ ನೆಲ. ಇಂದಿಗೂ ಉದ್ದ 44 ಅಡಿ, ಅಗಲ 20 ಅಡಿ, ಶಟಲ್ ಡಬಲ್ಸ್ ಅಂಕಣದ ಅಳತೆಯೇ. ಆ ಬ್ಯಾಡ್ಮಿಂಟನ್ನಾದರೋ ಹತ್ತೊಂಬತ್ತನೆಯ ಶತಮಾನದಲ್ಲಿ ಪುಣೆಯ ದಂಡಿನ ಪ್ರದೇಶದಲ್ಲಿ ರೂಪ ಪಡೆದ ಆಟ. ದಕ್ಷಿಣದಲ್ಲಿ ಅದರ ಸೋದರಿಯಾಗಿ ಬೆಳೆದ ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಹಳದಿ ಉಣ್ಣೆಯ ಚೆಂಡಿದೆ, ತಂಡಕ್ಕೆ ಐದು ಜನರಿದ್ದಾರೆ. ಮೂಡುಬಿದಿರೆಯ ಕಾಲೇಜು ಮೈದಾನಗಳಿಗೆ ಅದು ಹೊಸತಲ್ಲ. ಗೆರೆ ಎಳೆದ ಅಂಕಣ, ನಡುವೆ ನೆಟ್, ಕೈಯಲ್ಲಿ ಹಗುರ ಬ್ಯಾಟು ಎಂಬ ಮೂರನ್ನೂ ಬಲ್ಲ ಊರಿಗೆ ಪಿಕಲ್‌ಬಾಲ್ ದೂರದ ನಂಟನೇ ಹೊರತು ಪರಕೀಯನಲ್ಲ. ಹೆಸರಿಗೂ ಉಪ್ಪಿನಕಾಯಿಗೂ ನಂಟಿಲ್ಲ: ದೋಣಿ ಸ್ಪರ್ಧೆಗಳಲ್ಲಿ ಅವರಿವರನ್ನು ಕಲೆಹಾಕಿ ಕಟ್ಟಿದ ತಂಡದ ದೋಣಿಗೆ ‘ಪಿಕಲ್ ಬೋಟ್’ ಎನ್ನುವರು, ಅದರಿಂದ ಈ ಹೆಸರು ಎಂದು ಪ್ರಿಚರ್ಡ್ ಮನೆಯವರು ಹೇಳುತ್ತಿದ್ದರು; ಮನೆಯ ನಾಯಿಯ ಹೆಸರಿನಿಂದ ಬಂತು ಎಂಬ ಇನ್ನೊಂದು ಕಥೆಯೂ ಇದೆ.

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ: ಆಟ ತೀರ ಸುಲಭ. ಒಂದು ಗಂಟೆಯಲ್ಲಿ ಯಾರಾದರೂ ಕಲಿಯಬಹುದು ಎಂಬುದು ನಿಜ. ಸರ್ವಿಸ್ ಸೊಂಟದ ಕೆಳಗಿನಿಂದ ಕೊಡಬೇಕು, ಆದ್ದರಿಂದ ಎದುರಾಳಿಯನ್ನು ಮೊದಲ ಹೊಡೆತಕ್ಕೇ ಮುಗಿಸುವುದು ಕಷ್ಟ. ಸರ್ವಿಸ್ ಒಮ್ಮೆ ಪುಟಿಯಬೇಕು, ಅದಕ್ಕೆ ಬಂದ ಉತ್ತರವೂ ಒಮ್ಮೆ ಪುಟಿಯಬೇಕು, ಆಮೇಲಷ್ಟೇ ಗಾಳಿಯಲ್ಲಿರುವ ಚೆಂಡಿಗೆ ಕೈ ಹಾಕಬಹುದು. ಎಲ್ಲಕ್ಕಿಂತ ದೊಡ್ಡ ನಿಯಮ ನೆಟ್ಟಿನ ಎರಡೂ ಕಡೆ ಏಳೇಳು ಅಡಿಯ ಪಟ್ಟಿಯದು. ಆಟಗಾರರು ಇದನ್ನು ‘ಕಿಚನ್’ ಎನ್ನುತ್ತಾರೆ. ಅದರೊಳಗೆ ಕಾಲಿಟ್ಟು ಗಾಳಿಯಲ್ಲಿರುವ ಚೆಂಡನ್ನು ಹೊಡೆಯುವಂತಿಲ್ಲ; ಹೊರಗೆ ನಿಂತು ಹೊಡೆದು ಆ ರಭಸಕ್ಕೆ ಒಳಗೆ ಮುಗ್ಗರಿಸಿದರೂ ತಪ್ಪೇ. ನೆಟ್ಟಿಗೆ ಒರಗಿ ನಿಂತು ಬಂದದ್ದನ್ನೆಲ್ಲ ಬಡಿಯುವ ಹಾದಿ ಇಲ್ಲಿ ಮುಚ್ಚಿಹೋಗುತ್ತದೆ. ಆಟವನ್ನು ಬಡವಾಗಿಸುವ ನಿಯಮವಿದು ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಸ್ವಲ್ಪ ಹೊತ್ತು ನಿಂತು ನೋಡಿದರೆ ಆ ಏಳು ಅಡಿಯಿಂದಲೇ ಆಟ ಹುಟ್ಟುವುದು ಕಾಣುತ್ತದೆ.

ಮೂರನೆಯ ಹೊಡೆತವನ್ನೇ ತೆಗೆದುಕೊಳ್ಳಿ. ಸರ್ವಿಸ್ ಕೊಟ್ಟವರು ಹಿಂದಿನ ಗೆರೆಯಲ್ಲಿದ್ದಾರೆ. ಅದನ್ನು ಮರಳಿಸಿದವರು ಆಗಲೇ ಕಿಚನ್ ಗೆರೆಗೆ ಬಂದು ಬ್ಯಾಟು ಎತ್ತಿ ನಿಂತಿದ್ದಾರೆ. ಈಗ ಬಲವಾಗಿ ಹೊಡೆದರೆ ಚೆಂಡು ನೇರ ಅವರ ಬ್ಯಾಟಿಗೇ ಹೋಗಿ ಅದಕ್ಕಿಂತ ಜೋರಾಗಿ ತಿರುಗಿ ಬರುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಇಪ್ಪತ್ತೆರಡು ಅಡಿ ದೂರದಿಂದ ಚೆಂಡನ್ನು ಮೆಲ್ಲನೆ ಎತ್ತಿ, ನೆಟ್ ದಾಟಿದೊಡನೆ ಎಲೆ ಉದುರಿದಂತೆ ಆ ಏಳು ಅಡಿಯೊಳಗೆ ಇಳಿಸುತ್ತಾರೆ. ಎದುರಿನವರು ಅದನ್ನು ಬಡಿಯಲಾರರು, ಬಗ್ಗಿ ಎತ್ತಲೇಬೇಕು. ಅವರು ಎತ್ತುವಷ್ಟರಲ್ಲಿ ಇವರು ಮುಂದೆ ಬಂದಾಯಿತು. ಆಮೇಲೆ ನಾಲ್ವರೂ ಹದಿನಾಲ್ಕು ಅಡಿ ಅಂತರದಲ್ಲಿ ಮುಖಾಮುಖಿಯಾಗಿ ನಿಂತು ಚೆಂಡನ್ನು ಅತ್ತಿತ್ತ ಇಡುತ್ತಾರೆ. ‘ಹೊಡೆಯುತ್ತಾರೆ’ ಎಂಬ ಕ್ರಿಯಾಪದ ಇಲ್ಲಿ ಒಗ್ಗುವುದಿಲ್ಲ. ಇದಕ್ಕೆ ಡಿಂಕ್ ಎಂದು ಹೆಸರು. ಹತ್ತು, ಹದಿನೈದು ಬಾರಿ ಹೀಗೆ ಸಾಗಿ, ಯಾರದೋ ಚೆಂಡು ಒಂದು ಗೇಣು ಎತ್ತರಕ್ಕೆ ಎದ್ದ ಕ್ಷಣದಲ್ಲಿ ಕಾದು ನಿಂತ ತೋಳು ಬಿಚ್ಚಿಕೊಳ್ಳುತ್ತದೆ. ಬಲ ಇಲ್ಲಿಯೂ ಇದೆ, ಆದರೆ ಸರದಿ ಬರುವ ತನಕ ಅದು ಕಾಯಬೇಕು. ಕಲಿಯುವುದು ಸುಲಭ, ತಡೆದುಕೊಳ್ಳುವುದು ಕಷ್ಟ. ಆಟ ಸುಲಭವೆನ್ನುವವರು ಮೊದಲ ಎರಡು ಹೊಡೆತಗಳನ್ನಷ್ಟೇ ನೋಡಿದ್ದಾರೆ ಎಂದು ನಾನು ಹೇಳುವುದು ಇದಕ್ಕೇ.

ಬಲಕ್ಕೆ ಗೆರೆ ಎಳೆದರೆ ಆಟ ಕೆಡುತ್ತದೆಂಬ ಮಾತನ್ನು ದಕ್ಷಿಣ ಕನ್ನಡದ ಹಳ್ಳಿಗಳು ಎಂದೋ ಸುಳ್ಳು ಮಾಡಿವೆ. ಇಲ್ಲಿನ ಅಂಡರ್‌ಆರ್ಮ್ ಕ್ರಿಕೆಟ್ ನೋಡಿ. ತೋಳು ಮೇಲೆತ್ತಿ ಎಸೆಯುವಂತಿಲ್ಲ, ಚೆಂಡು ಹಗುರ, ಗುಡ್ಡದ ಬುಡದ ಚಿಕ್ಕ ಬಯಲೇ ಮೈದಾನ. ಕ್ರಿಕೆಟ್ಟಿನ ದೊಡ್ಡ ರೂಪದೊಂದಿಗೆ ಹೋಲಿಸಿದರೆ ಎಷ್ಟೋ ಕೈಬಿಟ್ಟಿದ್ದಾರೆ. ಆದರೆ ಕೈಬಿಟ್ಟದ್ದರಿಂದಲೇ ಬೇರೊಂದು ಚಾತುರ್ಯ ಬೆಳೆಯಿತು: ಕೆಳಗಿನಿಂದ ಬಿಟ್ಟ ಚೆಂಡಿಗೆ ಬೆರಳಿನ ತಿರುವು, ಇಷ್ಟೇ ಇಷ್ಟು ಜಾಗದಲ್ಲಿ ಓಟ ಕದಿಯುವ ಲೆಕ್ಕ, ಮಾರುದ್ದದ ದೂರದಲ್ಲಿ ನಿಂತ ಫೀಲ್ಡರನ ಕಣ್ಣು. ಜಾಗ ಕಡಿಮೆ ಇದ್ದುದರಿಂದ ಹುಟ್ಟಿದ ನಿಯಮ ರುಚಿಯಾಗಿ ಮಾಗಿತು. ರಾತ್ರಿಯಿಡೀ ಕೂತು ನೋಡುವ ಜನರಿಗೆ ಅದು ಕೀಳು ಕ್ರಿಕೆಟ್ ಎಂದು ಎಂದೂ ಅನ್ನಿಸಿಲ್ಲ. ಪಿಕಲ್‌ಬಾಲಿನ ಸರ್ವಿಸ್ಸೂ ಅಂಡರ್‌ಆರ್ಮೇ, ಅದರ ಕಿಚನ್ನೂ ಇದೇ ಜಾತಿಯ ಸಂಯಮ. ಯಕ್ಷಗಾನದಲ್ಲಿಯೂ ಇಂಥ ಜಗಳವನ್ನು ನಾವು ಕಂಡಿದ್ದೇವೆ. ಧರ್ಮಸ್ಥಳ ಮೇಳ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಹೊರಳಿದಾಗ ರಸ ಸೋರಿಹೋಯಿತೆಂದು ಮರುಗಿದವರಿದ್ದರು. ಅವರ ಮರುಕದಲ್ಲಿ ಸತ್ಯವಿತ್ತು: ಬೆಳಗಿನ ಜಾವದ ಭಾಗವತಿಕೆಗೆ ಬದಲಿಯಿಲ್ಲ. ಆದರೆ ಮರುದಿನ ಬೇಗ ಏಳಬೇಕಾದವರು ಚೌಕಿಯ ಹತ್ತಿರ ಸುಳಿದದ್ದೂ ಆ ಬದಲಾವಣೆಯಿಂದಲೇ.

ಜನಪ್ರಿಯತೆಯನ್ನೇ ಪುರಾವೆಯಾಗಿ ಮುಂದಿಡುವ ಅಭಿಮಾನಿಗಳೊಂದಿಗೆ ಮಾತ್ರ ನನಗೆ ತಕರಾರಿದೆ. ಅಮೆರಿಕದಲ್ಲಿ 2020ರಲ್ಲಿ ಸುಮಾರು 42 ಲಕ್ಷವಿದ್ದ ಆಟಗಾರರು 2024ಕ್ಕೆ 1.98 ಕೋಟಿ ಆದರೆಂದು ಅಲ್ಲಿನ ಕ್ರೀಡಾ ಉದ್ಯಮದ ಗಣತಿ ಹೇಳುತ್ತದೆ. ಭಾರತದಲ್ಲಿ 2025ರ ಆರಂಭದಲ್ಲಿ ಮುಂಬೈಯಲ್ಲಿ ವರ್ಲ್ಡ್ ಪಿಕಲ್‌ಬಾಲ್ ಲೀಗ್ ನಡೆದು ಬೆಂಗಳೂರು ಜವಾನ್ಸ್ ತಂಡ ಗೆದ್ದಿತು. ಸಿನಿಮಾದವರು ತಂಡ ಕೊಂಡರು. ಇವು ಹಣ ಮತ್ತು ಕುತೂಹಲ ಎತ್ತ ಹರಿಯುತ್ತಿದೆ ಎಂಬುದಕ್ಕೆ ಸಾಕ್ಷಿ, ಆಟ ಒಳ್ಳೆಯದೆಂಬುದಕ್ಕಲ್ಲ. ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಯಾರು ಯಾರೊಂದಿಗೆ ಆಡಬಲ್ಲರು ಎಂಬುದು. ಕಬಡ್ಡಿಗೆ ಮೂವತ್ತೈದು ದಾಟಿದವರು ಇಳಿಯುವುದು ಕಷ್ಟ, ಶಟಲ್ಲಿನ ಸ್ಮ್ಯಾಷಿಗೆ ಭುಜ ಒಂದು ವಯಸ್ಸಿನವರೆಗೆ ಮಾತ್ರ ಒಪ್ಪುತ್ತದೆ. ಬಲಕ್ಕೆ ಗೆರೆ ಎಳೆದ ಆಟದಲ್ಲಿ ಅರವತ್ತರ ಅಜ್ಜಿಯೂ ಹದಿನಾರರ ಮೊಮ್ಮಗನೂ ಎದುರುಬದುರು ನಿಂತಾಗ ಸೋಲು ಗೆಲುವು ನಿಜವಾಗಿಯೂ ಅನಿಶ್ಚಿತವಾಗಿರುತ್ತದೆ. ತುಳುನಾಡಿನಲ್ಲಿ ಇದಕ್ಕೊಂದು ಹಳೆಯ ಮಾದರಿ ಇದೆ, ಚೆನ್ನೆಮಣೆ. ಹದಿನಾಲ್ಕು ಗುಳಿಗಳ ಮುಂದೆ ಅಜ್ಜಿಯೂ ಮೊಮ್ಮಗಳೂ ಸರಿಸಮಾನರು.

ಚೆನ್ನೆಮಣೆ ಹೊರಬರುವುದು ಮಳೆಗಾಲದ ಆಟಿ ತಿಂಗಳಲ್ಲಿ. ಪಿಕಲ್‌ಬಾಲಿಗೂ ಇಲ್ಲಿ ಜಾಗ ಹುಡುಕುವಾಗ ಆಟಿಯೇ ನೆನಪಾಗುತ್ತದೆ, ಏಕೆಂದರೆ ನಮ್ಮ ನೆಲ ಮತ್ತು ಮಳೆ ಈ ಆಟಕ್ಕೆ ಅಷ್ಟೇನೂ ಅನುಕೂಲವಲ್ಲ. ಶಟಲ್ಲಿಗೆ ಮಣ್ಣಿನ ಅಂಗಳವಾದರೂ ಸಾಕು, ಕಾಕು ನೆಲ ಮುಟ್ಟಬೇಕಾಗಿಲ್ಲ. ಪಿಕಲ್‌ಬಾಲಿನ ಚೆಂಡು ಪುಟಿಯಲೇಬೇಕು, ಹಾಗಾಗಿ ಗಟ್ಟಿ ನೆಲ ಬೇಕು. ಮನೆಯ ಸಿಮೆಂಟ್ ಅಂಗಳ ಹೊಂದುತ್ತದೆ ಎನ್ನೋಣವೆಂದರೆ ಮಳೆ ಬಿಟ್ಟ ಮೇಲೆ ಬೇಸಿಗೆಯ ತನಕ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ. ಉಳಿಯುವುದು ಸಭಾಭವನಗಳು. ಹೆಚ್ಚುಕಡಿಮೆ ಪ್ರತಿ ಊರಿನ ದೇವಸ್ಥಾನದ ಪಕ್ಕದಲ್ಲಿ, ಪೇಟೆಯ ಅಂಚಿನಲ್ಲಿ ಒಂದಿರುತ್ತದೆ. ಆಟಿಯಲ್ಲಿ ಮದುವೆಯಿಲ್ಲ, ಆದ್ದರಿಂದ ಜಡಿಮಳೆಯ ಆ ದಿನಗಳಲ್ಲಿ ಅವು ಬಹುತೇಕ ಖಾಲಿ. ಬ್ಯಾಡ್ಮಿಂಟನ್ನಿಗೆ ಎತ್ತರದ ಮಾಡು ಬೇಕು, ಎತ್ತಿ ಹೊಡೆದ ಕಾಕು ತಗ್ಗು ಛಾವಣಿಗೆ ತಾಗುತ್ತದೆ. ಮೂರು ಅಡಿ ನೆಟ್ಟಿನ ಮೇಲೆ ಹೆಚ್ಚಾಗಿ ತಗ್ಗಿನಲ್ಲೇ ಹರಿದಾಡುವ ಈ ಚೆಂಡಿಗೆ ಆ ತೊಂದರೆ ಕಡಿಮೆ. ನುಣುಪು ಟೈಲ್ಸಿನ ಮೇಲೆ ಕಾಲು ಜಾರುವ ಅಪಾಯವಿದೆ, ಹಿರಿಯರು ಆಡುವುದಾದರೆ ಮ್ಯಾಟ್ ಹಾಸದೆ ಇಳಿಯಲೇಬಾರದು. ಮದುವೆಯ ಛತ್ರದಲ್ಲಿ ಆಟವೇ ಎಂದು ಹುಬ್ಬೇರಿಸುವವರಿಗೆ ಕುಂದಾಪುರದ ಪಡುಕೋಣೆ ಮೂಲದ ಕುಟುಂಬದ ಹುಡುಗನೊಬ್ಬನನ್ನು ನೆನಪಿಸಬೇಕು. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನಲ್ಲಿ ಮದುವೆಗಳು ನಡೆಯುತ್ತಿದ್ದ ಸಭಾಂಗಣವೇ ಪ್ರಕಾಶ್ ಪಡುಕೋಣೆಯವರ ಅಭ್ಯಾಸದ ಅಂಕಣವಾಗಿತ್ತು. ಮದುವೆಯಿದ್ದ ದಿನ ಆಟವಿಲ್ಲ. ಅಲ್ಲಿ ಬೆಳೆದವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು.

ಸದ್ದಿನ ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಗಟ್ಟಿ ಬ್ಯಾಟಿಗೆ ಗಟ್ಟಿ ಪ್ಲಾಸ್ಟಿಕ್ ಬಡಿದಾಗ ಹೊಮ್ಮುವ ‘ಟಕ್’ ಕಿವಿಗೆ ಚುಚ್ಚುವಂಥದ್ದು, ನಿಂತು ನಿಂತು ಬರುವುದರಿಂದ ಇನ್ನೂ ಹೆಚ್ಚು ಕಾಡುತ್ತದೆ. ಅಮೆರಿಕದ ಹಲವು ಊರುಗಳಲ್ಲಿ ಅಂಕಣದ ನೆರೆಹೊರೆಯವರು ಕೋರ್ಟು ಮೆಟ್ಟಿಲು ಹತ್ತಿದ್ದಾರೆ. ನಮ್ಮಲ್ಲಿ ಮೈಕಿನ ಸದ್ದಿಗೆ ಒಗ್ಗಿದ್ದೇವೆ, ಇದೇನು ಮಹಾ ಎಂದು ಉತ್ತರಿಸುವುದು ಸರಿಯಲ್ಲ. ಪಂದ್ಯಾಟದ ಮೈಕು ಒಂದು ರಾತ್ರಿಯದು, ಪಕ್ಕದ ಅಂಕಣ ದಿನನಿತ್ಯದ್ದು. ಮನೆಗಳಿಂದ ದೂರ, ಗೋಡೆಯೊಳಗೆ ಆಡುವುದೇ ಮರ್ಯಾದೆ. ಸಭಾಭವನದ ಪರವಾಗಿ ಇದೂ ಒಂದು ಕಾರಣ. ಖರ್ಚಿನ ಮಾತು ಬೇರೆ. ನಗರದ ಬಾಡಿಗೆ ಅಂಕಣ, ಕಾರ್ಬನ್ ಫೈಬರ್ ಬ್ಯಾಟು ನೋಡಿ ಇದು ಉಳ್ಳವರ ಆಟವೆನ್ನುವವರು ಅದರ ಹುಟ್ಟನ್ನು ಮರೆಯುತ್ತಾರೆ. ಈ ಆಟಕ್ಕೆಂದೇ ಮಾಡಿದ ಮೊದಲ ಬ್ಯಾಟುಗಳು ಹಲಗೆಯಿಂದ ಕೊಯ್ದವು, ನಮ್ಮ ಬಡಗಿಗಳಿಗೆ ಅದು ಅರ್ಧ ಗಂಟೆಯ ಕೆಲಸ. ಗರಿಯ ಕಾಕು ಒಂದೆರಡು ಆಟಕ್ಕೇ ಸವೆದುಹೋಗುತ್ತದೆ. ಈ ಚೆಂಡು ಬಿರುಕು ಬಿಡುವವರೆಗೆ ಬಾಳುತ್ತದೆ.

ಕೊನೆಗೊಂದು ಅಂಜಿಕೆ ಉಳಿಯುತ್ತದೆ, ಅದು ನನ್ನದೂ ಹೌದು: ಹೊಸದು ಬಂದು ಹಳೆಯದನ್ನು ನುಂಗೀತೇ? ಬಾಲ್ ಬ್ಯಾಡ್ಮಿಂಟನ್ನನ್ನು ಒಂದು ಕಾಲಕ್ಕೆ ಊರೂರಲ್ಲಿ ಆಡುತ್ತಿದ್ದರು, ಈಗ ಅದು ಬಹುಮಟ್ಟಿಗೆ ಶಾಲಾ ಕಾಲೇಜುಗಳ ಆಸರೆಯಲ್ಲಿದೆ. ಆದರೆ ಅದನ್ನು ಬದಿಗೊತ್ತಿದ್ದು ಮತ್ತೊಂದು ಅಂಕಣದ ಆಟಕ್ಕಿಂತ ಹೆಚ್ಚಾಗಿ ಸಂಜೆ ಹೊತ್ತು ಹೊರಗೆ ಬರುವವರೇ ಕಡಿಮೆಯಾದದ್ದು ಎಂದು ನನಗೆ ತೋರುತ್ತದೆ. ಪಿಕಲ್‌ಬಾಲಿಗೆ ಹೊಸ ನೆಲ ಅಗೆಯಬೇಕಿಲ್ಲ. ಈಗಾಗಲೇ ಎಳೆದಿರುವ ಶಟಲ್ ಅಂಕಣದಲ್ಲಿ ನೆಟ್ಟಿನಿಂದ ಆರೂವರೆ ಅಡಿ ದೂರಕ್ಕೆ ಮುಂದಿನ ಸರ್ವಿಸ್ ಗೆರೆ ಇದ್ದೇ ಇದೆ. ಅದರಿಂದ ಅರ್ಧ ಅಡಿ ಹಿಂದಕ್ಕೆ ಸುಣ್ಣದಲ್ಲಿ ಇನ್ನೊಂದು ಗೆರೆ ಎಳೆದು, ನೆಟ್ಟನ್ನು ಕೆಳಗಿಳಿಸಿ ಕಟ್ಟಿದರೆ ಆಯಿತು. ಆಟ ಮುಗಿದ ಮೇಲೆ ಅದನ್ನು ಮತ್ತೆ ಮೇಲಕ್ಕೆ ಕಟ್ಟಿ ಹೋಗಬಹುದು, ಶಟಲ್ ಆಡುವವರು ಬರುವ ಹೊತ್ತಿಗೆ.