ಕೈಯಲ್ಲಿ ಒಂದು

ಲೆಕ್ಕಕ್ಕೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಕನ್ನಡ ಎಂ.ಎ. ಮಾಡಿದ್ದಕ್ಕೆ ಸಾಹಿತ್ಯಪ್ರೇಮ ಎಷ್ಟು ಕಾರಣವೋ ಲೆಕ್ಕದ ಭಯವೂ ಅಷ್ಟೇ ಕಾರಣ. ಆದರೆ ಮಗಳನ್ನು ಇಂಜಿನಿಯರಿಂಗಿಗೆ ಸೇರಿಸಿದ ಮೇಲೆ ಲೆಕ್ಕ ಮನೆಗೇ ಬಂದು ಕುಳಿತಿದೆ.

ಮೊನ್ನೆ ಅವಳು ತನ್ನ ಅಜ್ಜಿಗೆಂದು ಜಪ ಎಣಿಸುವ ಯಂತ್ರವೊಂದನ್ನು ಮಾಡಿಕೊಟ್ಟಳು. ಗುಂಡಿ ಒತ್ತಿದಂತೆಲ್ಲ ಗಾಜಿನ ಮೇಲೆ ಅಂಕಿ ಏರುತ್ತದೆ. ಒಳಗಿರುವುದು ಎಟಿಮೆಗಾ 328ಪಿ ಎಂಬ ಮೈಕ್ರೊಕಂಟ್ರೋಲರು. ಕಾಲೇಜು ಹುಡುಗರು ಕೈಪಳಗಿಸಿಕೊಳ್ಳುವ ಆರ್ಡುಯಿನೊ ಯೂನೊದಲ್ಲಿರುವುದೂ ಅದೇ. ಅಮ್ಮನದು ದಿನಕ್ಕೆ ಮೂರು ಮಾಲೆ, ಅಂದರೆ 324 ಜಪ. ಮೊದಲ ದಿನವೇ ಮೂರನೆಯ ಮಾಲೆ ಮುಗಿಸಿ ನೋಡುತ್ತಾರೆ, ಯಂತ್ರ 68 ಎನ್ನುತ್ತಿದೆ!

"ಉಳಿದ ಜಪ ಎಲ್ಲಿ ಹೋಯಿತೇ, ಮಗೂ?" ಎಂದು ಅಮ್ಮ ಗಾಬರಿಯಾದರು.

ಮಗಳು ಹಣೆ ಚಚ್ಚಿಕೊಂಡಳು. "ಒಂದು ಬೈಟಿನಲ್ಲಿ ಎಂಟೇ ಮನೆ ಅಜ್ಜಿ. ಒಂದೊಂದರಲ್ಲೂ ಸೊನ್ನೆ, ಇಲ್ಲವೇ ಒಂದು. ಎಂಟೂ ತುಂಬಿದರೆ 255. ಅದಕ್ಕೆ ಇನ್ನೊಂದು ಸೇರಿಸಿದರೆ ಮತ್ತೆ ಸೊನ್ನೆ." 324ರಲ್ಲಿ 256 ಕಳೆದು ಉಳಿದದ್ದು 68.

"ಹಾಗಾದರೆ ಕೈಯಲ್ಲಿ ಉಳಿದ ಒಂದು?" ಎಂದೆ. ಪ್ರಾಥಮಿಕ ಶಾಲೆಯ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಪಾಠ, ಮರೆಯುವುದುಂಟೆ?

ಮಗಳ ಮುಖ ಅರಳಿತು. ಅದಕ್ಕೂ ಜಾಗವಿದೆಯಂತೆ. ಕೂಡಿದಾಗ ಮನೆ ಸಾಲದೆ ಒಂದು ಮಿಕ್ಕರೆ ಯಂತ್ರ ಒಳಗೇ ಪುಟ್ಟ ಬಾವುಟ ಏರಿಸುತ್ತದೆ. ಆ ಒಂದನ್ನು ಸೇರಿಸಿಕೊಂಡು ಮುಂದಿನ ಬೈಟನ್ನು ಕೂಡಲು ಬೇರೆಯೇ ಆಜ್ಞೆಯಿದೆ. ಹೀಗೆ ಎರಡು ಬೈಟು ಜೋಡಿಸಿದರೆ 65,535ರ ತನಕ ಎಣಿಸಬಹುದು. ಯಾರೂ ಬಾವುಟ ನೋಡದಿದ್ದರೆ ಮುಂದಿನ ಕೂಡಿಕೆ ಅದನ್ನು ಅಳಿಸಿಬಿಡುತ್ತದೆ. "ತಪ್ಪು ಯಂತ್ರದ್ದಲ್ಲ ಅಪ್ಪ. ಅಜ್ಜಿಯ ಜಪಕ್ಕೆ ಒಂದೇ ಬೈಟು ಸಾಕು ಅಂದುಕೊಂಡೆನಲ್ಲ, ನನ್ನದು."

ಆ ಯಂತ್ರಕ್ಕೆ ನೆನಪೂ ಮೂರು ಬಗೆ. ಕಲಿಸಿದ ಪಾಠ ಉಳಿಯಲು 32 ಕಿಲೋಬೈಟು. ಆಗಿನ ಲೆಕ್ಕಕ್ಕೆ ಎರಡು ಕಿಲೋಬೈಟಿನ ಸ್ಲೇಟು. ಕರೆಂಟು ಹೋದರೆ ಒರೆಸಿದ ಹಾಗೆ. ಕರೆಂಟು ಹೋದರೂ ಉಳಿಯಬೇಕಾದ ಅಂಕಿಗಳಿಗೆ ಒಂದು ಕಿಲೋಬೈಟಿನ ದಿನಚರಿ. ದಿನಚರಿಯ ಒಂದೇ ಜಾಗದಲ್ಲಿ ಬರೆದು ಅಳಿಸಲು ತಯಾರಕರು ಕೊಡುವ ಭರವಸೆ ಒಂದು ಲಕ್ಷ ಸಲಕ್ಕೆ. ಜಪಕ್ಕೊಮ್ಮೆ ಬರೆಯುತ್ತ ಹೋದರೆ ಅಮ್ಮನ ಭಕ್ತಿ ವರ್ಷದೊಳಗೇ ಆ ಲಕ್ಷವನ್ನು ಮುಗಿಸಿಬಿಡುತ್ತದೆ! ಅದಕ್ಕೇ ಮಗಳು ಮಾಲೆಗೊಮ್ಮೆ ಬರೆಯುವ ಏರ್ಪಾಡು ಮಾಡಿದಳು.

ಎಲ್ಲರೂ ನಕ್ಕೆವು. ಆದರೆ ಆ ಬಾವುಟ ನನ್ನ ಮನಸ್ಸಿನಿಂದ ಇಳಿಯಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೌಲ್ಯಮಾಪನಕ್ಕೆ ಹೋಗಿದ್ದೆ. ಸಂಜೆಯ ಆತುರ. ಒಂದು ಉತ್ತರಪತ್ರಿಕೆಯ ಮೊತ್ತ 38 ಆಗಬೇಕಿತ್ತು. ನಾನು ಬರೆದದ್ದು 28. ಕೈಯಲ್ಲಿಟ್ಟುಕೊಂಡ ಒಂದನ್ನು ಕೈಯಲ್ಲೇ ಬಿಟ್ಟಿದ್ದೆ. ಪಾಸಾಗಲು ಬೇಕಾದದ್ದು 35. ಹುಡುಗ ಹಣ ಕಟ್ಟಿ, ಮರುಎಣಿಕೆ ಮಾಡಿಸಿ, ತಪ್ಪು ತಿದ್ದಿಸಿಕೊಳ್ಳುವಷ್ಟರಲ್ಲಿ ಮುಂದಿನ ತರಗತಿಗೆ ಸೇರುವ ಗಡುವು ಮುಗಿದಿತ್ತಂತೆ. ಅವನಿಗೆ ಹೋದದ್ದು ಒಂದು ವರ್ಷ. ನನಗೆ ಬಂದದ್ದು ಒಂದೇ ಸಾಲಿನ ಎಚ್ಚರಿಕೆಯ ಪತ್ರ. ಅವನ ಹೆಸರು ನನಗೆ ತಿಳಿಯದು. ನೋಂದಣಿ ಸಂಖ್ಯೆ ಮಾತ್ರ ಇಂದಿಗೂ ಮರೆತಿಲ್ಲ.

ಎಂಟು ಮನೆಯ ಯಂತ್ರ ತನ್ನ ಅಳತೆ ಮೀರಿದ್ದನ್ನು ಬಾವುಟವೆತ್ತಿ ಹೇಳುತ್ತದೆ. ಎಂ.ಎ. ಓದಿದ ನನಗೆ ಆ ಸಂಜೆ ಅಷ್ಟೂ ಆಗಲಿಲ್ಲ.

ಈಗ ಯಂತ್ರ ಸರಿಯಾಗಿ 324 ಎನ್ನುತ್ತದೆ. ಆದರೂ ಅಮ್ಮ ಎಡಗೈಯಲ್ಲಿ ಗುಂಡಿ ಒತ್ತುತ್ತ ಬಲಗೈಯಲ್ಲಿ ಮಣಿ ಸರಿಸುತ್ತಲೇ ಇರುತ್ತಾರೆ. "ಅದೂ ಎಣಿಸಲಿ, ಇದೂ ಎಣಿಸಲಿ" ಎನ್ನುತ್ತಾರೆ. ನಾನೂ ಅಷ್ಟೆ. ಮೊತ್ತವನ್ನು ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಕೂಡುತ್ತೇನೆ. ಜೊತೆಯವರು ಹದಿನೈದು ಪತ್ರಿಕೆ ಮುಗಿಸುವ ಹೊತ್ತಿಗೆ ನನ್ನದು ಹನ್ನೆರಡಾಗಿರುತ್ತದೆ. "ಕನ್ನಡ ಮೇಷ್ಟ್ರಿಗೆ ಲೆಕ್ಕ ಬಾರದು" ಎಂದು ಅವರು ನಗುತ್ತಾರೆ. ನಗಲಿ ಬಿಡಿ, ಮಾತು ನಿಜವೇ.