ಮಣ್ಣಿನ ಸಪ್ಪಳ

ಎರೆಮಣ್ಣಿಗೆ ತನ್ನದೇ ಒಂದು ಸಪ್ಪಳವಿದೆ. ಹದವಾಗಿ ಹಸಿಯಿದ್ದಾಗ ಕರಣೆಯ ಅಂಚಿಗೆ ಬೆಲ್ಲದ ಹಾಗೆ ಸದ್ದಿಲ್ಲದೆ ಬಿಡುತ್ತದೆ. ಇಟ್ಟಿಗೆ ಪುಡಿ ಬೆರೆತ ಕಡೆ ಗರಗರ ಎನ್ನುತ್ತದೆ. ಕಲ್ಲು ತಾಕಿತೋ, ಮೊಣಕೈವರೆಗೂ ಗೊತ್ತಾಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಭೀಮಾ ತೀರದ ಒಂದು ಚಿಕ್ಕ ಉತ್ಖನನದಲ್ಲಿ ಇದನ್ನು ನನಗೆ ಕಲಿಸಿದ್ದು ಮಣ್ಣು ಹೊರಲು ಬರುತ್ತಿದ್ದ ಒಬ್ಬ ಅಜ್ಜಿ. "ತಮ್ಮಾ, ಕೈ ತಡಿ. ಸಪ್ಪಳ ಬ್ಯಾರೆ ಬರ್ಲಿಕತ್ತದ" ಎಂದಳು. ಬ್ರಷ್ ಹಿಡಿದು ಬಿಸಿಲಲ್ಲಿ ಅರ್ಧ ದಿನ ಕೂತೆ. ಸಿಕ್ಕಿದ್ದು ಒಂದು ಮಡಕೆಯ ಬಾಯಂಚು. ಒಳಗೆ ಕಪ್ಪು, ಹೊರಗೆ ಕೆಂಪು. ಅದರ ಮೇಲೆ ಕುಂಬಾರನ ಬೆರಳು ಹಾದ ಗೆರೆ ಹಾಗೇ ಇತ್ತು. ನನ್ನ ಬೆರಳನ್ನು ಆ ಗೆರೆಯಲ್ಲಿಟ್ಟು ನೋಡಿದೆ. ಸರಿಯಾಗಿ ಕೂತಿತು. ಅವತ್ತು ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಅಗೆಯುವುದೆಂದರೆ ಬಹುಪಾಲು ಕಾಯುವುದೇ. ಗೂಟ ಹೊಡೆದು, ದಾರ ಕಟ್ಟಿ, ಎರಡು ಗುಂಡಿಗಳ ನಡುವೆ ಅಗೆಯದ ಮಣ್ಣಿನ ಗೋಡೆ ಬಿಡಬೇಕು. 1947ರಲ್ಲಿ ಬ್ರಹ್ಮಗಿರಿಯಲ್ಲಿ ಅಗೆದ ಮಾರ್ಟಿಮರ್ ವೀಲರ್ ಪಟ್ಟುಹಿಡಿದು ಕಲಿಸಿದ ಕ್ರಮವಿದು. ಆ ಗೋಡೆಯಲ್ಲಿ ಬೂದಿಯ ಪದರ, ನೆರೆ ತಂದ ಮರಳು, ಜನ ಬಾಳಿದ ನೆಲ ಒಂದರ ಕೆಳಗೊಂದು ಕಾಣುತ್ತವೆ. ಸಿಕ್ಕ ಚೂರು ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದು ನೋಟ್‌ಬುಕ್ಕಿಗೆ ಬರುವವರೆಗೆ ಅದನ್ನು ಕೀಳುವಂತಿಲ್ಲ.

ವರ್ಷಕ್ಕೊಮ್ಮೆ ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಗೆ ಹೋಗಿಬರುತ್ತೇನೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿಯಿತು. ವಿಗ್ರಹ ನಿಂತಿದ್ದ ಪೀಠದ ಚಪ್ಪಡಿಯನ್ನು ನೋಡಿದರೆ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ! ಅಶೋಕನ ಶಾಸನ. ಅನ್ಯರ ಧರ್ಮವನ್ನೂ ಗೌರವಿಸಿರೆಂದು ಹೇಳುವ ಹನ್ನೆರಡನೆಯ ಶಾಸನವೂ ಅದರಲ್ಲಿದೆ. ದೇವಿಯನ್ನು ನಿಲ್ಲಿಸಲು ನಡುವೆ ಕೊರೆದ ತೂತು ಎಷ್ಟೋ ಅಕ್ಷರಗಳನ್ನು ನುಂಗಿದೆ. ದೇವಿಯ ಪಾದದಡಿ ಸೇರಿದ್ದರಿಂದ ಕಲ್ಲೇನೋ ಉಳಿಯಿತು. ಆದರೆ ಅದು ಮೊದಲು ನಿಂತಿದ್ದ ಜಾಗದ ಗುರುತು ಅಳಿಸಿಹೋಯಿತು. ನನಗೆ ನೋವಾಗುವುದು ಅಲ್ಲಿ.

ಕನಗನಹಳ್ಳಿಯಲ್ಲಿ ಹಾಗಾಗಲಿಲ್ಲ. 1994ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಅಗೆದಾಗ ಮಹಾಸ್ತೂಪದ ಚಪ್ಪಡಿಗಳು ಕುಸಿದು ಬಿದ್ದಲ್ಲೇ ಸಿಕ್ಕವು. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿ ಕಲ್ಲಿನ ಬಳಗದ್ದೇ ಸುಣ್ಣಕಲ್ಲು. ಮೇಲೆ ಜಾತಕ ಕತೆಗಳು, ಶಾತವಾಹನ ಅರಸರು, ಕೆಳಗೆ ಅವರವರ ಹೆಸರು. ಸ್ತೂಪ ತನ್ನ ಹೆಸರನ್ನೂ ತಾನೇ ಹೇಳಿತು: ಅಧೋಲೋಕ ಮಹಾಚೈತ್ಯ. ಒಂದು ಚಪ್ಪಡಿಯ ಮೇಲೆ ರಾಣಿಯ ಜೊತೆ ನಿಂತ ಅರಸ, ಸುತ್ತ ಸೇವಕಿಯರು. ಅದರ ಮೇಲಿನ ಬರಹ 'ರಾಯಾ ಅಸೋಕೋ'. ಅಶೋಕನ ಕಾಲ ಕಳೆದು ಎಷ್ಟೋ ತಲೆಮಾರುಗಳ ಮೇಲೆ ಕಡೆದ ಶಿಲ್ಪ ಅದು. ಕಂಡರಿಸಿದವನು ಅವನನ್ನು ನೋಡಿರಲು ಸಾಧ್ಯವಿಲ್ಲ. ಆದರೂ ರಾಣಿಯತ್ತ ತುಸು ವಾಲಿದ ಆ ನಿಲುವಿನ ಮುಂದೆ ನಾನು ಪ್ರತಿ ಸಲ ಮಾತು ಮರೆಯುತ್ತೇನೆ.

ಭೀಮೆಯ ಸೀಮೆಯ ರೈತರಲ್ಲಿ ಒಂದು ವಿನಂತಿ. ತೊಗರಿ ಹೊಲ ಹರಗುವಾಗ ಕುಂಟೆಗೆ ಕೆತ್ತನೆಯ ಕಲ್ಲು ತಾಕಿದರೆ ಎಳೆದು ಬದುವಿಗೆ ಹಾಕಬೇಡಿ. ಇದ್ದಲ್ಲೇ ಬಿಟ್ಟು, ಪಂಚಾಯಿತಿಗೋ ತಹಸೀಲ್ದಾರರಿಗೋ ಒಂದು ಮಾತು ತಿಳಿಸಿ.