ಕಪ್ಪು ಬೆಲ್ಲದ ಗಿರಾಕಿ

ನಿಪ್ಪಾಣಿಯವನು ಆರೋಗ್ಯದ ಮಾತೆತ್ತಿದರೆ ಬೇರೆ ಊರಿನವರು ನಗುವುದುಂಟು. ನಗಲಿ. ತಂಬಾಕಿನ ವಖಾರಿಗಳ ಊರು ನಮ್ಮದು. ಮಾಲಿನ ದಿನಗಳಲ್ಲಿ ಬಸ್ಸಿಳಿದ ಹೊಸಬ ಮೊದಲು ಸೀನುತ್ತಾನೆ, ಆಮೇಲೆ ಊರು ನೋಡುತ್ತಾನೆ. ಇಲ್ಲಿ ಮಾಳಿಗೆ ಎದ್ದದ್ದು, ಹೆಣ್ಣುಮಕ್ಕಳ ಮದುವೆಯಾದದ್ದು, ಕಾಲೇಜಿನ ಫೀ ಕಟ್ಟಿದ್ದು ಬಹುಪಾಲು ಜರ್ದಾ ಮತ್ತು ಬೀಡಿಯ ದುಡ್ಡಿನಲ್ಲಿ. ಇಂಥ ಊರಿನ ಪೇಟೆಯಲ್ಲಿ ಈಗ ‘ಸಾವಯವ’ ಎಂಬ ಫಲಕ ಕಾಣುತ್ತಿದೆ. ಗಡಿಯ ಊರಾದ್ದರಿಂದ ಅದರ ಕೆಳಗೆ ಮರಾಠಿಯಲ್ಲಿ ‘ಸೇಂದ್ರಿಯ’ ಎಂದೂ ಬರೆದಿರುತ್ತದೆ. ಎರಡೂ ಭಾಷೆಯವರಿಗೆ ದರ ಮಾತ್ರ ಒಂದೇ, ಹೆಚ್ಚಿನದು.

ನಮ್ಮ ಮನೆಗೆ ಈ ಸರಕು ಬಂದದ್ದು ಸೊಸೆಯ ಜೊತೆಗೆ, ಪುಣೆಯಿಂದ. ಮೊಮ್ಮಗನ ಹಾಲಿಗೆಂದು ಬೆಲ್ಲದ ಪ್ಯಾಕೆಟ್ ತಂದಿದ್ದಳು. ಮೇಲೆ ಎತ್ತಿನ ಚಿತ್ರ, ಎರಡು ಹಸಿರು ಎಲೆ. ನನ್ನಾಕೆ ಅದನ್ನು ಹಿಂದೆ ಮುಂದೆ ತಿರುವಿ, ಕನ್ನಡಕ ಏರಿಸಿ ಸಣ್ಣ ಅಕ್ಷರ ಓದಿದಳು. ಕೊಲ್ಲಾಪುರ ಜಿಲ್ಲೆಯ ವಿಳಾಸವಿತ್ತು.

“ಅಯ್ಯ, ಇದು ನಮ್ಮ ಕಡೀ ಬೆಲ್ಲನ ಬಿಡವಾ. ಪುಣೇಕ ಹೋಗಿ ಹೊಳ್ಳಿ ಬಂದೈತಿ.”

“ಇದರಾಗ ಕೆಮಿಕಲ್ ಇಲ್ಲ ಅತ್ತಿ.”

“ಇಲ್ಲಂತ ಬರದಾರ. ಮಾಡೂದ ಯಾರ ನೋಡ್ಯಾರ?”

ಅತ್ತೆ–ಸೊಸೆಯರ ನಡುವೆ ತೀರ್ಪು ಕೊಡುವ ಧೈರ್ಯ ನನಗಿಲ್ಲ. ಆದರೆ ಮಾಡುವುದನ್ನು ನೋಡಲು ನಮ್ಮ ಸೀಮೆಯವರು ಬಹಳ ದೂರ ಹೋಗಬೇಕಾಗಿಲ್ಲ.

ಸುಗ್ಗಿಯಲ್ಲಿ ವೇದಗಂಗಾ, ದೂಧಗಂಗಾ ದಂಡೆಯ ಕಡೆ ಹೊರಟರೆ ಗಾಣದ ವಾಸನೆಯೇ ದಾರಿ ತೋರಿಸುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬಿಸಿಯಾಗುತ್ತಿದ್ದಂತೆ ಜಜ್ಜಿದ ಬೆಂಡಿ ಗಿಡದ ಲೋಳೆ ಬಿಡುತ್ತಾರೆ, ಚೂರು ಸುಣ್ಣ ಹಾಕುತ್ತಾರೆ. ಲೋಳೆ ಹಾಲಿನೊಳಗಿನ ಹೊಲಸನ್ನೆಲ್ಲ ಹಿಡಿದುಕೊಂಡು ಮೇಲಕ್ಕೆ ಬರುತ್ತದೆ. ಆ ಮಡ್ಡಿಯನ್ನು ಉದ್ದ ಹಿಡಿಕೆಯ ಜಾಲರಿಯಿಂದ ಎತ್ತಿ ಎತ್ತಿ ಚೆಲ್ಲಬೇಕು. ಬೆಲ್ಲದ ಅರ್ಧ ಗುಣ ಈ ಕೈಕೆಲಸದಲ್ಲಿದೆ. ಪಾಕ 118 ಡಿಗ್ರಿಯ ಆಸುಪಾಸಿಗೆ ಬಂದಾಗ ಇಳಿಸಬೇಕು ಎನ್ನುತ್ತದೆ ಪುಸ್ತಕ. ಗಾಣದವನು ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡಿ ಮಾಡಿ ನೋಡಿ, “ಇಳಸ್ರಿ” ಎನ್ನುತ್ತಾನೆ. ಇಷ್ಟಕ್ಕೇ ಬಿಟ್ಟರೆ ಬೆಲ್ಲ ಕಂದು ಬಣ್ಣದ್ದಾಗುತ್ತದೆ, ಕೆಲವೊಮ್ಮೆ ಕಪ್ಪೇ. ಪೇಟೆಗೆ ಬೇಕಾದದ್ದು ಬಂಗಾರದ ಬಣ್ಣ. ಅದಕ್ಕೇ ಹೈಡ್ರೋಸ್. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಈ ಬಿಳಿ ಪುಡಿ ಬಟ್ಟೆಗೆ ಬಣ್ಣ ಹಾಕುವವರಿಗೂ ಬೇಕು. ಹಿಡಿ ಪುಡಿ ಬಿದ್ದರೆ ಪಾಕ ಕಣ್ಣೆದುರಿಗೇ ತಿಳಿಯಾಗುತ್ತದೆ. ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ದಮ್ಮು ಇದ್ದವರಿಗೆ ಅದು ಆಗಿಬರುವುದಿಲ್ಲ. ಇಷ್ಟು ಮಾಡಿ ತರಿಸಿಕೊಂಡ ಆ ಹಳದಿಯಾದರೂ ಬಾಳುತ್ತದೆಯೇ? ಇಟ್ಟಂತೆಲ್ಲ ಬೆಲ್ಲ ಮತ್ತೆ ಕಪ್ಪಾಗುತ್ತ ಹೋಗುತ್ತದೆ.

“ಪುಡಿ ಹಾಕೂದ ಬಿಟ್ರ ಆಗೂದಿಲ್ಲೇನಪಾ?” ಎಂದು ಒಮ್ಮೆ ಗಾಣದವನನ್ನು ಕೇಳಿದೆ.

“ಬಿಡಾಕ ನಮಗೇನ ಬ್ಯಾಸರ ಇಲ್ರಿ ಮಾಸ್ತರ. ಪುಡಿ ರೊಕ್ಕ ಉಳೀತೈತಿ. ಆದ್ರ ಕಪ್ಪ ಪೆಂಟಿ ಅಡತಿ ಅಂಗಡ್ಯಾಗ ಇಟ್ರ ದರಾನ ಹಿಡಿಯೂದಿಲ್ಲ. ನೀವ ಹೇಳ್ರಿ, ನಿಮ್ಮನ್ಯಾಗ ಸಂಕ್ರಮಣಕ್ಕ ಕಪ್ಪ ಬೆಲ್ಲ ಒಯ್ತಾರೇನ್ರಿ?”

ಈ ಪ್ರಶ್ನೆಗೆ ಯಾವ ಲೇಬಲ್ಲಿನಲ್ಲೂ ಉತ್ತರ ಇರುವುದಿಲ್ಲ. ಬೆಲ್ಲಕ್ಕೆ ಬಣ್ಣ ಕೊಟ್ಟವನು ಗಾಣದವನಲ್ಲ, ಗಿರಾಕಿ. ಹಾಗೆಂದು ಕಪ್ಪಾದದ್ದೆಲ್ಲ ಚೊಕ್ಕ ಎಂದು ತಿಳಿಯಲೂ ಬಾರದು. ಹಳಸಿದ ಹಾಲು, ಹೊತ್ತಿದ ಪಾಕ, ತೆಗೆಯದೆ ಬಿಟ್ಟ ಮಡ್ಡಿ, ಇವೂ ಬೆಲ್ಲವನ್ನು ಕಪ್ಪು ಮಾಡುತ್ತವೆ. ಸವಳು ಹೊಲದ ಕಬ್ಬಾದರೆ ಬೆಲ್ಲ ಉಪ್ಪುಪ್ಪಾಗಿರುತ್ತದೆ. ಸರಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಹೆಚ್ಚು ಉಂಡ ಕಬ್ಬಿನ ಬೆಲ್ಲದ ಪೆಂಟಿ ಮಳೆಗಾಲ ಬರುವಷ್ಟರಲ್ಲಿ ನೀರೊಡೆಯುತ್ತದೆ. ಅಂದರೆ ಬೆಲ್ಲದ ಚರಿತ್ರೆ ಕೊಪ್ಪರಿಗೆಯಲ್ಲಿ ಅಲ್ಲ, ಹೊಲದಲ್ಲಿಯೇ ಶುರುವಾಗಿರುತ್ತದೆ.

ಹೊಲದ ಮಾತು ಬಂದರೆ ಬೇಡಕಿಹಾಳದ ಸುರೇಶ ದೇಸಾಯಿಯವರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ರಾಸಾಯನಿಕ ಬಿಟ್ಟು ಕಬ್ಬು ಬೆಳೆದು ಈ ಸೀಮೆಯಾಚೆಗೂ ಹೆಸರಾದವರು. ಅವರ ವಿದ್ಯೆಯ ಮೂಲ ಒಂದು ಸಣ್ಣ ಸಂಗತಿ: ರವದಿ ಸುಡಬಾರದು. ಕಬ್ಬು ಕಡಿದ ಮೇಲೆ ಉಳಿಯುವ ಒಣಗಿದ ಸೋಗೆಗೆ ಕಡ್ಡಿ ಗೀರುವುದು ನಮ್ಮಲ್ಲಿ ರೂಢಿ. ಒಂದು ತಾಸಿನಲ್ಲಿ ಹೊಲ ಸಾಫಾಗುತ್ತದೆ, ಕೂಳೆ ಬೆಳೆಗೆ ನೀರು ಬಿಡಬಹುದು. ಆ ರಾತ್ರಿ ಬೂದಿಯ ಎಳೆಗಳು ಹಾರಿ ಬಂದು ಊರಿನ ಅಂಗಳದಲ್ಲಿ, ಒಣಹಾಕಿದ ಅರಿವೆಯ ಮೇಲೆ ಕೂಡುತ್ತವೆ. ದೇಸಾಯಿಯವರು ಆ ರವದಿಯನ್ನು ಸಾಲುಗಳ ನಡುವೆ ಹಾಸಿದರು. ಹಾಸಿದ್ದು ಕೊಳೆತು ಗೊಬ್ಬರವಾಯಿತು, ಅದರ ಕೆಳಗೆ ಎರೆಹುಳು ಬಂದವು, ಬಿಸಿಲು ನೆಲಕ್ಕೆ ತಾಗದೆ ತೇವ ಉಳಿಯಿತು. ನೀರಿನ ಖರ್ಚು ಬಹಳ ಇಳಿಯಿತು. ಈ ಕೊನೆಯದು ನಮಗೆ ಎಷ್ಟು ಮುಖ್ಯ ಎಂಬುದು ಕಾಗವಾಡ, ಉಗಾರ, ಅಥಣಿ, ರಾಯಬಾಗದ ಕಡೆ ಹೋದವರಿಗೆ ಗೊತ್ತು. ಕೃಷ್ಣೆಯ ನೀರನ್ನು ಕಬ್ಬಿಗೆ ಕುಡಿಸಿ ಕುಡಿಸಿ ಕಪ್ಪು ಎರೆಭೂಮಿ ಸವಳು–ಜವಳಾಗಿ, ಮೇಲೆ ಉಪ್ಪಿನ ಬಿಳುಪು ಎದ್ದು ನಿಂತಿರುವುದನ್ನು ಅಲ್ಲಿ ಎಕರೆಗಟ್ಟಲೆ ನೋಡಬಹುದು. ಅತ್ತ ಕೊಲ್ಲಾಪುರದ ಹಾದಿಯಲ್ಲಿ ಕನ್ಹೇರಿಯ ಸಿದ್ಧಗಿರಿ ಮಠದಲ್ಲಿ ಒಂದೇ ಎಕರೆಯಲ್ಲಿ ನೂರು ಬಗೆಯ ಬೆಳೆ ಬೆಳೆದು ತೋರಿಸಿದ್ದಾರೆ. ನೋಡಲು ಹೋದವರು ಫೋಟೋ ತೆಗೆಸಿಕೊಂಡು ಬರುತ್ತಾರೆ. ಹೊಲಕ್ಕೆ ಬಂದು ಮತ್ತೆ ಕಬ್ಬನ್ನೇ ಹಚ್ಚುತ್ತಾರೆ. ಅವರನ್ನು ಬೈಯಲಾರೆ. ಕಬ್ಬಿಗೆ ಕಾರ್ಖಾನೆ ಇದೆ, ನೂರು ಬೆಳೆಗೆ ನೂರು ಗಿರಾಕಿ ಹುಡುಕುವವರು ಯಾರು?

ಸಹಜವಾದದ್ದೆಲ್ಲ ಒಳ್ಳೆಯದು ಎಂಬ ಮಾತು ಸಾವಯವದ ಭಕ್ತರಲ್ಲಿ ಬಹಳ. ನಿಪ್ಪಾಣಿಯವರ ಎದುರಿಗೆ ಈ ಮಾತು ನಡೆಯುವುದಿಲ್ಲ. ತಂಬಾಕಿಗಿಂತ ಸಹಜವಾದದ್ದು ಏನಿದೆ? ಗಿಡ ತನ್ನನ್ನು ಹುಳದಿಂದ ಕಾಪಾಡಿಕೊಳ್ಳಲು ತಾನೇ ಮಾಡಿಕೊಂಡ ವಿಷ ನಿಕೋಟಿನ್. ಇಬ್ಬನಿಯಲ್ಲಿ ತೊಯ್ದ ಹಸಿ ಎಲೆಯೊಳಗೆ ಕೆಲಸ ಮಾಡಿದವರಿಗೆ ಅದು ಚರ್ಮದಿಂದಲೇ ಇಳಿದು ತಲೆ ತಿರುಗುತ್ತದೆ, ವಾಂತಿಯಾಗುತ್ತದೆ. ತಂಬಾಕಿನ ಕಷಾಯವನ್ನು ಹೇನಿನ ಹುಳಕ್ಕೆ ಹೊಡೆಯುವುದು ಹಳೆಯ ರೂಢಿ. ಹುಳ ಸಾಯುತ್ತದೆ, ಹೊಡೆದವನೂ ಮೂಗು–ಬಾಯಿ ಕಟ್ಟಿಕೊಂಡಿರಬೇಕು. ಇದೇ ನಿಕೋಟಿನ್ನಿನ ಗುಣವನ್ನು ನೋಡಿ ಕಾರ್ಖಾನೆಯವರು ಇಮಿಡಾಕ್ಲೋಪ್ರಿಡ್ ಮುಂತಾದ ಹೊಸ ಔಷಧಗಳನ್ನು ಕಟ್ಟಿದರು. ಜೇನ್ನೊಣಕ್ಕೆ ಅಪಾಯವೆಂದು ಯುರೋಪಿನ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್ ಸೇರಿ ಅಂಥ ಮೂರನ್ನು ಬಯಲಿನ ಬೆಳೆಗೆ ಬಳಸದಂತೆ ತಡೆಯಿತು. ನಮ್ಮಲ್ಲಿ ಅದು ಕೃಷಿ ಅಂಗಡಿಯ ಗೂಟಕ್ಕೆ ಶಾಂಪೂ ಪಾಕೀಟಿನಂತೆ ಜೋತುಬಿದ್ದಿರುತ್ತದೆ. ಗಿಡದ ರಸದಲ್ಲೇ ಸೇರಿ ಹರಿಯುವ ಔಷಧ ಇದು. ಉಪ್ಪುನೀರು, ಹುಣಸೆನೀರಿನಲ್ಲಿ ತೊಳೆದರೆ ಬದನೆಕಾಯಿಯ ಮೇಲಿನ ಎಣ್ಣೆ, ಅಂದರೆ ಹೊಡೆದ ಔಷಧ, ಅಷ್ಟಿಷ್ಟು ಹೋದೀತು, ಒಳಗೆ ಇಳಿದದ್ದು ಹೋಗುವುದಿಲ್ಲ. ಬದನೆ ಜವಾರಿಯಾದರೂ ಅಷ್ಟೇ. ಜವಾರಿ ಎಂಬುದು ಬೀಜದ ಜಾತಿ, ಎಣ್ಣೆ ಹೊಡೆಯದ ಪ್ರಮಾಣಪತ್ರವಲ್ಲ.

ಇನ್ನು ಹಸಿರು ಬಣ್ಣ. ಔಷಧದ ಬಾಟಲಿಯ ಮೇಲೆ ಒಂದು ಬಣ್ಣದ ಚೌಕ ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕೆಳಗಿನ ದರ್ಜೆಗೆ ಹಸಿರು. ಓದು ಬಾರದ ಆಳು ಹಸಿರು ನೋಡಿ ‘ಇದು ಚಲೋ ಔಷಧ’ ಎಂದು ಬರಿಗೈಯಲ್ಲಿ ಕಲೆಸಿದರೆ ತಪ್ಪು ಯಾರದು? ಓದು ಬಲ್ಲ ನಾವೂ ಪ್ಯಾಕೆಟ್ಟಿನ ಮೇಲೆ ಹಸಿರು ಎಲೆ ಕಂಡೊಡನೆ ದುಪ್ಪಟ್ಟು ದುಡ್ಡು ಕೊಡುತ್ತೇವೆ.

ಲೇಬಲ್ಲಿಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಕೇಂದ್ರ ಸರಕಾರದ ಸಾವಯವ ಪ್ರಮಾಣೀಕರಣ 2001ರಿಂದ ಇದೆ. ಹೊಲ ಎರಡು–ಮೂರು ವರ್ಷ ರಾಸಾಯನಿಕ ಬಿಟ್ಟಿದ್ದರೇನೇ ಸರ್ಟಿಫಿಕೇಟ್. ಅಂಗಡಿಯಲ್ಲಿ ಪ್ಯಾಕೆಟ್ ಕೊಳ್ಳುವವರು ‘ಜೈವಿಕ್ ಭಾರತ್’ ಮುದ್ರೆ ಹುಡುಕಿ ಕೊಳ್ಳಬೇಕು. ತನ್ನ ಹೊಲದ್ದನ್ನು ತಾನೇ ಮಾರುವ ಸಣ್ಣ ರೈತನಿಗೆ ಕಾನೂನು ಆ ಕಟ್ಟಳೆಯಿಂದ ವಿನಾಯಿತಿ ಕೊಟ್ಟಿದೆ, ಕೊಟ್ಟದ್ದು ಸರಿಯಾಗಿದೆ. ಆದರೆ ನದಿಗೆ ಸರ್ಟಿಫಿಕೇಟ್ ಕೊಡುವವರು ಯಾರು? 2019ರ ಆಗಸ್ಟಿನಲ್ಲಿ ಹೊಳೆ ಬದು ದಾಟಿ ಬಂದಾಗ ಸಾವಯವದ ಹೊಲ ಯಾವುದು, ಸರಕಾರಿ ಗೊಬ್ಬರದ ಹೊಲ ಯಾವುದು ಎಂದು ನೋಡಲಿಲ್ಲ. ಮೇಲಿನವರು ಬಿಟ್ಟದ್ದೆಲ್ಲ ಕೆಳಗಿನವರ ಪಾಲಿಗೆ ಬಂತು. ಹಾಗೆಯೇ ಪೋಷಕಾಂಶದ ವಿಷಯ: 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನೂರಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಸಾವಯವ ಆಹಾರದಲ್ಲಿ ಸತ್ವ ಹೆಚ್ಚು ಎನ್ನಲು ಗಟ್ಟಿ ಆಧಾರ ಕಾಣಲಿಲ್ಲ, ಕೀಟನಾಶಕದ ಶೇಷ ಕಡಿಮೆ ಇರುವುದು ಹೌದು ಎಂದರು. ನನಗೆ ಅಷ್ಟೇ ಸಾಕು. ಸಕ್ಕರೆ ಕಾಯಿಲೆಯವನಿಗೆ ಸಾವಯವ ಬೆಲ್ಲವೂ ಸಕ್ಕರೆಯೇ, ಅದನ್ನು ಡಾಕ್ಟರೇ ಹೇಳಬೇಕಾಗಿಲ್ಲ.

ಮನೆಯವರ ಆರೋಗ್ಯ ಬರೀ ತಟ್ಟೆಯಲ್ಲಿ ಇರುವುದಿಲ್ಲ ಎಂಬುದಕ್ಕೆ ನಮ್ಮ ಓಣಿಗಳೇ ಸಾಕ್ಷಿ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಅಕ್ಕಂದಿರ ಮನೆಯಲ್ಲಿ ಒಂದೇ ಕೋಣೆ. ಅಲ್ಲೇ ಜರ್ದಾ, ಅಲ್ಲೇ ರೊಟ್ಟಿಯ ಹಿಟ್ಟು, ಅಲ್ಲೇ ತೊಟ್ಟಿಲು. ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ ಎಣಿಸುವವರಿಗೆ ಸಾವಯವ ತೊಗರಿಬೇಳೆಯ ಉಪದೇಶ ಮಾಡುವುದು ಚೇಷ್ಟೆ. ಅವರಿಗೆ ಬೇಕಾದದ್ದು ಗಾಳಿಯಾಡುವ ಇನ್ನೊಂದು ಕೋಣೆ.

ಇತ್ತ ಅನುಕೂಲಸ್ಥರ ಬಚ್ಚಲು ನೋಡಿ. ಬೆಳಗಿನ ಆರಕ್ಕೆ ಹಂಡೆಯ ಒಲೆಗೆ ಉರಿ ಹತ್ತಬೇಕು, ಕಟ್ಟಿಗೆ ತೇವವಾಗಿದೆ. ಕೈಗೆ ಸಿಗುವುದು ಯಾವುದು? ಹಾಲಿನ ಪಾಕೀಟು, ಬಿಸ್ಕಿಟ್ಟಿನ ಕವರು, ಎತ್ತಿನ ಚಿತ್ರದ ಅದೇ ಸಾವಯವ ಪ್ಯಾಕೆಟ್ಟು. ಕ್ಷಣದಲ್ಲಿ ನೀಲಿ ಉರಿ, ಕರಿ ಹೊಗೆ. ಅದು ಕಿಟಕಿಯಿಂದ ಹೊರಟು ಪಕ್ಕದ ಮನೆಯ ತುಳಸಿಕಟ್ಟೆ ಸುತ್ತಿ ಮೊಮ್ಮಕ್ಕಳ ಎದೆಗೆ ಇಳಿಯುತ್ತದೆ. ತಟ್ಟೆಯಿಂದ ವಿಷ ತೆಗೆಯಲು ಇನ್ನೂರು ರೂಪಾಯಿ, ಮೂಗಿಗೆ ವಿಷ ಬಿಡಲು ಬಿಟ್ಟಿ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿತು, ಮಹಾರಾಷ್ಟ್ರ 2018ರಲ್ಲಿ. ಎರಡು ರಾಜ್ಯಗಳ ನಿಷೇಧದ ನಡುವೆ ನಮ್ಮ ಸಂತೆಯಲ್ಲಿ ಕೊತ್ತಂಬರಿ ಸೂಡಿಗೊಂದು ಕ್ಯಾರಿಬ್ಯಾಗ್ ಇನ್ನೂ ಸಿಗುತ್ತದೆ. ಗಡಿ ವಾದ ಇನ್ನೂ ಮುಗಿಯದ ಈ ಸೀಮೆಯಲ್ಲಿ ಯಾವ ತಕರಾರೂ ಇಲ್ಲದೆ ಎರಡೂ ಕಡೆ ಓಡಾಡಿಕೊಂಡಿರುವುದು ಅದೊಂದೇ ಇರಬೇಕು.

ಕಡೆಗೆ ಎಲ್ಲ ಬಂದು ನಿಲ್ಲುವುದು ದರಕ್ಕೇ. ನಿಪ್ಪಾಣಿಗೆ ಇದು ಹೊಸ ಪಾಠವಲ್ಲ. 1981ರಲ್ಲಿ ಶರದ ಜೋಶಿಯವರ ಮುಂದಾಳತ್ವದಲ್ಲಿ ರೈತರು ತಂಬಾಕಿಗೆ ನ್ಯಾಯದ ದರ ಕೇಳಿ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರ ಗೋಳಿಬಾರಿನಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ತಂಬಾಕಿಗೆ ಪ್ರಾಣ ಕೊಟ್ಟು ದರ ಕೇಳಿದ ರೈತನಿಗೆ ಔಷಧ ಹೊಡೆಯದ ಟೊಮೆಟೊ ಬೆಳೆದು ನಷ್ಟ ಮಾಡಿಕೋ ಎಂದು ಹೇಳುವ ಹಕ್ಕು ಪೇಟೆಯವರಿಗಿಲ್ಲ. ಶ್ರೀಲಂಕಾದಲ್ಲಿ 2021ರಲ್ಲಿ ಒಂದೇ ಆಜ್ಞೆಯಿಂದ ರಾಸಾಯನಿಕ ಗೊಬ್ಬರ ನಿಲ್ಲಿಸಿ, ಬೆಳೆ ಬಿದ್ದು, ಅದೇ ವರ್ಷ ಆಜ್ಞೆ ಹಿಂದಕ್ಕೆ ಪಡೆದರು. ಆಜ್ಞೆಯಿಂದ ಆಗದ್ದು ಗಿರಾಕಿಯಿಂದ ಆಗಬಲ್ಲದು. ಬಣ್ಣದ ಬೆಲ್ಲ ಮಾಡಿಸಿದ್ದೂ ಅವನೇ ತಾನೆ.

ಸುಗ್ಗಿ ಶುರುವಾದಾಗ ಒಮ್ಮೆ ಗಾಣಕ್ಕೆ ಹೋಗಿ. ಮನೆಮಂದಿಯನ್ನೂ ಕರೆದೊಯ್ಯಿರಿ. ಹೈಡ್ರೋಸ್ ಹಾಕದ ಒಂದು ಕೊಪ್ಪರಿಗೆ ಇಳಿಸಿಕೊಡಲು ಮೊದಲೇ ಹೇಳಿಡಿ, ನಾಲ್ಕಾರು ಮನೆಯವರು ಕೂಡಿ ಮುಂಗಡ ಕೊಡಿ. ಯಾವ ಹೊಲದ ಕಬ್ಬು, ರವದಿ ಸುಟ್ಟರೋ ಹಾಸಿದರೋ ಎಂದು ಕೇಳಿ. ರೈತರು ಬೇಸರ ಮಾಡಿಕೊಳ್ಳುವುದಿಲ್ಲ, ಕೇಳುವವರು ಸಿಕ್ಕರಲ್ಲ ಎಂದು ಖುಷಿಪಡುತ್ತಾರೆ. ಕೈಚೀಲ ಮನೆಯಿಂದಲೇ ಒಯ್ಯಿರಿ. ಅವರು ಹೇಳಿದ ದರದಲ್ಲಿ ಚೌಕಾಸಿ ಮಾಡಬೇಡಿ.